ಚೆಂಡು ಕೈಗೆ ತಾಗಿದ ಮೇಲೆ

ಶಾಂತಲಿಂಗಪ್ಪ ಮಾಸ್ತರರು ಅಂಪೈರ್ ಆಗಿ ಮೈದಾನಕ್ಕೆ ಇಳಿದಾಗ ಅವರ ಕಿಸೆಯಲ್ಲಿ ಆರು ಹರಳುಗಳಿದ್ದವು. ಕ್ರಿಕೆಟ್ಟಿನಲ್ಲಿ ಓವರಿಗೆ ಆರು ಚೆಂಡು ಎಣಿಸಲು ಇಪ್ಪತ್ತು ವರ್ಷದಿಂದ ಇಟ್ಟುಕೊಂಡು ಬಂದ ಹರಳುಗಳು. ಬೇಸ್‌ಬಾಲಿನಲ್ಲಿ ಓವರ್ ಎಂಬುದೇ ಇಲ್ಲ. ಆದರೂ ಪ್ರತಿ ಚೆಂಡಿಗೆ ಒಂದು ಹರಳು ಎಡಗಿಸೆಯಿಂದ ಬಲಗಿಸೆಗೆ ಹೋಗುತ್ತಿತ್ತು. ಆರೂ ಮುಗಿದಾಗ ಏನೋ ಆಗಬೇಕಿತ್ತಲ್ಲ ಎಂಬಂತೆ ಅವರು ಸುತ್ತ ನೋಡುತ್ತಿದ್ದರು. ಏನೂ ಆಗದ್ದರಿಂದ ಮತ್ತೆ ಬಲದಿಂದ ಎಡಕ್ಕೆ ಶುರುಮಾಡುತ್ತಿದ್ದರು.

ಜೇವರ್ಗಿ ತಂಡದ ಶಿವಕಾಂತಾ ಮೇಡಂ ಗೆರೆಯ ಆಚೆ ಕಬ್ಬಿಣದ ಕುರ್ಚಿಯಲ್ಲಿ ಕೂತು ಇದನ್ನು ಬೆಳಗಿನಿಂದ ನೋಡುತ್ತಿದ್ದಳು. ನಗು ಬಂದು ಹೋಗಿ ಈಗ ಬೇಸರ ಬಂದಿತ್ತು. ಆಳಂದದ ಈ ಮೈದಾನದಲ್ಲಿ ಇವತ್ತು ನಡೆಯುತ್ತಿರುವುದು ಪದವಿಪೂರ್ವ ಕಾಲೇಜುಗಳ ಹುಡುಗಿಯರ ಜಿಲ್ಲಾಮಟ್ಟದ ಬೇಸ್‌ಬಾಲ್ ಪಂದ್ಯ ಎಂದು ಬ್ಯಾನರಿನಲ್ಲಿ ದೊಡ್ಡದಾಗಿ ಬರೆದಿದ್ದರು. ಜಿಲ್ಲೆ ಎಂದರೆ ಮೂರು ತಂಡ. ಊರಿನವರೇ ಆದ ಆಳಂದದ ಹುಡುಗಿಯರು ಬೆಳಿಗ್ಗೆಯೇ ಇಬ್ಬರ ಕೈಲೂ ಸೋತು ಮರದ ನೆರಳಿಗೆ ಹೋಗಿ ಕೂತಿದ್ದರು. ಉಳಿದದ್ದು ಜೇವರ್ಗಿ ಮತ್ತು ಅಫಜಲಪುರ. ಗೆದ್ದವರು ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಬೇಸ್ ಎಂದು ಇಟ್ಟದ್ದು ಮರಳು ತುಂಬಿದ ಗೊಬ್ಬರದ ಚೀಲಗಳು. ಓಡಿ ಬಂದು ತುಳಿಯಬೇಕಾದ ಹೋಂ ಎಂಬುದು ಹಳೆಯ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಮಾಡಿದ ಐದು ಮೂಲೆಯ ತುಂಡು.

ಶಿವಕಾಂತಾ ಚೌಡಾಪುರದ ಒಕ್ಕಲುತನದ ಮನೆಯವಳು. ಹರೆಯದಲ್ಲಿ ಕಬಡ್ಡಿ ಆಡಿದವಳು. ಭುಜ ಒಂದು ಸಲ ಕಳಚಿದ ಮೇಲೆ ಆಡುವುದು ಬಿಟ್ಟು ಆಡಿಸುವುದಕ್ಕೆ ನಿಂತಳು. ಜೇವರ್ಗಿಯಲ್ಲಿ ದೈಹಿಕ ಶಿಕ್ಷಣದ ಕೆಲಸಕ್ಕೆ ಸೇರಿ ಇಪ್ಪತ್ತೆರಡು ವರ್ಷ. ಆರು ವರ್ಷದ ಹಿಂದೆ ಬೇಸ್‌ಬಾಲ್ ಆಡಿಸಿರಿ ಎಂದು ಒಂದು ಸುತ್ತೋಲೆ ಬಂತು, ಅದರ ಹಿಂದೆ ಎರಡು ಬ್ಯಾಟು, ಒಂಬತ್ತು ಗ್ಲೌಸು ಬಂದವು. ಆಟ ಗೊತ್ತಿದ್ದವರು ಯಾರೂ ಬರಲಿಲ್ಲ. ಅವಳು ಕಲಿತದ್ದೆಲ್ಲ ಸೋತು ಕಲಿತದ್ದು. ಒಂದು ಸಲ ಸೋತ ರೀತಿಯಲ್ಲಿ ಇನ್ನೊಂದು ಸಲ ಸೋಲಬಾರದು ಎಂಬುದಷ್ಟೇ ಅವಳ ವಿದ್ಯೆ.

ಅಫಜಲಪುರದ ಅಮರನಾಥ ಸರ್ ಹಾಗಲ್ಲ. ಅವನು ತರಬೇತಿ ಪಡೆದವನು. ಹೋದ ಬೇಸಿಗೆಯಲ್ಲಿ ಮೂರು ದಿನ ದೊಡ್ಡ ಊರಿನಲ್ಲಿ ಇದ್ದು ಬಂದಿದ್ದ. ಬೆನ್ನ ಮೇಲೆ ಅದರ ಹೆಸರು ಬರೆದ ನೀಲಿ ಟೀಶರ್ಟನ್ನು ಅಂದಿನಿಂದ ಮೈಮೇಲಿಂದ ಇಳಿಸಿದಂತೆ ಕಾಣಲಿಲ್ಲ. ಯಾವ ಮಾತು ಶುರು ಮಾಡಿದರೂ “ಟೆಕ್ನಿಕಲಿ” ಎಂದೇ ಶುರು. ಬೆಳಿಗ್ಗೆ ಉಪ್ಪಿಟ್ಟಿನಲ್ಲಿ ಉಪ್ಪು ಕಡಿಮೆಯಾಗಿದ್ದನ್ನೂ ಅವನು ಟೆಕ್ನಿಕಲಿ ಎಂದೇ ಹೇಳಿದ್ದ.

ಇಬ್ಬರೂ ಮಾಸ್ತರುಗಳು ಏನಾದರೂ ಆಡಿಕೊಳ್ಳಲಿ, ಶಿವಕಾಂತಾಳ ಕಣ್ಣು ಸಂಘಮಿತ್ರಾಳ ಮೇಲಿತ್ತು. ನೆಲೋಗಿಯ ಹುಡುಗಿ, ಪಿಯುಸಿ ಕೊನೆಯ ವರ್ಷ, ತಂಡದಲ್ಲಿ ಚೆಂಡು ಎಸೆಯುವವಳು. ಅಪ್ಪ ಜಗದೇವ ಗೌಂಡಿ ಕೆಲಸದವನು, ಮಾತು ಕಡಿಮೆ, ಆಡಿದ್ದು ಗಟ್ಟಿ. ಮಗಳು ಮುಂದೆ ಓದಲಿ ಎಂಬ ಆಸೆ ಅವನಿಗೂ ಇತ್ತು. ಆದರೆ ನೆಲೋಗಿಯಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವುದಾದರೆ ಬೇಡ ಎಂದಿದ್ದ. “ಬಸ್ ಬಂದ್ರ ಬರ್ತದ, ಇಲ್ಲಂದ್ರ ಇಲ್ಲ. ಒಂದಿನ ಕಾಲೇಜು, ಎರಡು ದಿನ ಬಸ್‌ಸ್ಟ್ಯಾಂಡು, ಅದೇನ್ ಓದು? ಹಾಸ್ಟೆಲ್ ಸಿಕ್ಕರ ಹೋಗ್ಲಿ.” ಕಲಬುರಗಿಯ ಒಂದು ಕಾಲೇಜಿನವರು ವರ್ಷಕ್ಕೆ ಇಬ್ಬರು ಹುಡುಗಿಯರಿಗೆ ಹಾಸ್ಟೆಲ್ಲಿನಲ್ಲಿ ಜಾಗ ಇಟ್ಟಿದ್ದರು. ಯಾವುದಾದರೂ ಆಟದಲ್ಲಿ ರಾಜ್ಯಮಟ್ಟಕ್ಕೆ ಆಡಿರಬೇಕು, ಅಷ್ಟೇ. ಅಲ್ಲಿ ಗೆಲ್ಲಲೇಬೇಕೆಂದಿಲ್ಲ, ಆಡಿದರೆ ಸಾಕು. ಆದ್ದರಿಂದ ಸಂಘಮಿತ್ರಾಳ ಓದು ಇವತ್ತಿನ ಈ ಪಂದ್ಯದಲ್ಲಿತ್ತು. ಮುಂದಿನ ವರ್ಷ ಎಂಬುದು ಅವಳಿಗಿರಲಿಲ್ಲ.

ಏಳನೆಯ ಸರದಿ, ಅಂದರೆ ಕೊನೆಯದು. ಎರಡೂ ಕಡೆ ನಾಲ್ಕು ನಾಲ್ಕು ರನ್. ಬ್ಯಾಟು ಜೇವರ್ಗಿಯವರದು. ಮೂವರು ಔಟಾದರೆ ಸರದಿ ಮುಗಿಯುತ್ತದೆ, ಒಬ್ಬಳು ಔಟಾಗಿದ್ದಳು. ಸಂಘಮಿತ್ರಾ ಮೂರನೆಯ ಚೀಲದ ಮೇಲೆ ನಿಂತಿದ್ದಳು. ಅಲ್ಲಿಂದ ಓಡಿ ಟ್ಯೂಬಿನ ತುಂಡು ತುಳಿದರೆ ಐದನೆಯ ರನ್.

ಬ್ಯಾಟು ಹಿಡಿದವಳು ಮೈತ್ರಿ. ಸಣ್ಣ ಕೈಯ, ಉದ್ದ ಬೆರಳಿನ ಹುಡುಗಿ, ಜೋರಾಗಿ ಹೊಡೆಯುವವಳಲ್ಲ. ಆದರೆ ಆ ಚೆಂಡು ಅವಳ ಬ್ಯಾಟಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿ ಎಡಗಡೆಗೆ, ಮೇಲಕ್ಕೆ, ಬೇವಿನ ಮರದಷ್ಟು ಎತ್ತರ ಹೋಯಿತು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬುದನ್ನು ಶಿವಕಾಂತಾ ಹುಡುಗಿಯರಿಗೆ ಮೂರು ವರ್ಷದಿಂದ ಒಂದೇ ಮಾತಿನಲ್ಲಿ ಹೇಳುತ್ತಿದ್ದಳು. “ಚೆಂಡು ಮ್ಯಾಲ ಹೋತಂದ್ರ ಚೀಲ ಬಿಡಬ್ಯಾಡ್ರಿ. ಅವರ ಕೈಗಿ ತಾಗ್ತಂದ್ರ ಚೀಲ ಬಿಡ್ರಿ. ಆಮ್ಯಾಲ ಆಕಿ ಹಿಡೀಲಿ, ಬಿಡ್ಲಿ, ನಿಮಗೇನು?” ಚೆಂಡು ಗಾಳಿಯಲ್ಲಿದ್ದಾಗ ಓಡಿದವಳು, ಅದನ್ನು ಹಿಡಿದರೆಂದರೆ ಹಿಂದಕ್ಕೆ ಬಂದು ಚೀಲ ತುಳಿಯಲೇಬೇಕು. ತುಳಿಯದಿದ್ದರೆ ಅವಳೂ ಔಟು. ಆದರೆ ಚೆಂಡು ಎದುರಿನವಳ ಕೈಗೆ ಮೊದಲ ಸಲ ತಾಗಿದ ಕ್ಷಣದಿಂದ ಓಡಲಡ್ಡಿಯಿಲ್ಲ. ಗಟ್ಟಿಯಾಗಿ ಹಿಡಿಯುವ ತನಕ ಕಾಯಬೇಕಿಲ್ಲ. ಇದನ್ನು ಅವಳು ವಿಜಯಪುರದಲ್ಲಿ ಕಲಿತಿದ್ದಳು. ಅಲ್ಲಿ ಅವಳ ಹುಡುಗಿ ಚೆಂಡನ್ನು ಕೈಯಲ್ಲಿ ಎರಡು ಸಲ ಕುಣಿಸಿ ಹಿಡಿಯುವಷ್ಟರಲ್ಲಿ ಎದುರಿನವಳು ಓಡಿ ರನ್ ಮಾಡಿಬಿಟ್ಟಿದ್ದಳು. ಜಗಳಕ್ಕೆ ಹೋದ ಶಿವಕಾಂತಾಳಿಗೆ ಅಲ್ಲಿನ ಮುದಿ ಅಂಪೈರ್ ಸಮಾಧಾನದಿಂದ ತಿಳಿಸಿ ಹೇಳಿದ್ದ. ಆ ದಿನ ಸೋತು ಬಸ್ಸು ಹತ್ತಿದವಳು ಅದನ್ನು ಮರೆತಿರಲಿಲ್ಲ.

ಅಫಜಲಪುರದ ಎಡಗಡೆಯ ಹುಡುಗಿ ಚೆಂಡಿನ ಕೆಳಗೆ ಬಂದಳು. ಚೆಂಡು ಗ್ಲೌಸಿಗೆ ಬಡಿದು ಪುಟಿಯಿತು. ಅವಳು ಎರಡು ಹೆಜ್ಜೆ ಮುಗ್ಗರಿಸಿ ಎದೆಗೆ ಅವುಚಿ ಹಿಡಿದಳು. ಬಡಿದದ್ದೇ ತಡ ಸಂಘಮಿತ್ರಾ ಚೀಲ ಬಿಟ್ಟಿದ್ದಳು. ಎದೆಗೆ ಅವುಚುವ ಹೊತ್ತಿಗೆ ಅರ್ಧ ದಾರಿ, ಚೆಂಡು ಎಸೆಯುವ ಹೊತ್ತಿಗೆ ಟ್ಯೂಬಿನ ಮೇಲೆ.

ಜೇವರ್ಗಿಯ ಹುಡುಗಿಯರು ಕುಣಿದರು. ಶಾಂತಲಿಂಗಪ್ಪನವರು ಬಲಗೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

“ರನ್ ಇಲ್ಲ,” ಎಂದರು. “ಕ್ಯಾಚ್ ಆಗ್ಯದ. ಕ್ಯಾಚ್ ಆದ ಮ್ಯಾಲ ರನ್ ಎಲ್ಲಿಂದ ಬರ್ತದ?”

ಶಿವಕಾಂತಾ ಕುರ್ಚಿಯಿಂದ ಎದ್ದು ಬಂದಳು. “ಸರ್, ಅದು ಕ್ರಿಕೆಟ್ರಿ.”

“ಕ್ಯಾಚ್ ಎಲ್ಲಾ ಕಡಿ ಕ್ಯಾಚೇ ಅಲ್ರಿ ಮೇಡಂ? ಹಿಡದ್ರು, ಖತಂ.”

“ಹಂಗಾದ್ರ ಮೂರನೇ ಸರದ್ಯಾಗ ಇವರು ಹಿಂಗೇ ಒಂದು ರನ್ ಹೊಡದಾರಲ್ರಿ. ಅದನ್ನೂ ತೆಗೀರಿ.”

ಅಂಪೈರ್ ಅಮರನಾಥನ ಕಡೆ ನೋಡಿದರು. ಮೂರನೆಯ ಸರದಿಯಲ್ಲಿ ಅವರು ಬಿಸಿಲಿಗೆ ಬೆನ್ನು ಮಾಡಿ ನೀರು ಕುಡಿಯುತ್ತಿದ್ದರು. ಆ ರನ್ನನ್ನು ಕೊಟ್ಟವನು ರನ್ನಿನ ಲೆಕ್ಕ ಬರೆಯುತ್ತಿದ್ದ ಮಾಳಿಂಗಪ್ಪ.

ಅಮರನಾಥನಿಗೆ ಫಜೀತಿಯಾಯಿತು. ಕ್ಯಾಚಾದರೆ ರನ್ನಿಲ್ಲ ಎಂದರೆ ಅವನದೊಂದು ರನ್ ಹೋಗುತ್ತದೆ, ಇದೆ ಎಂದರೆ ಜೇವರ್ಗಿಗೆ ಒಂದು ಬರುತ್ತದೆ. ಅವನು ಟೀಶರ್ಟಿನ ಅಂಚು ಕೆಳಗೆ ಎಳೆದುಕೊಂಡು ಮುಂದೆ ಬಂದ. ಅವನ ಮುಖದ ಮೇಲೆ ಆಗ ಬಂದ ವಿನಯ ಕಂಡು, ಈತ ಸುಳ್ಳು ಹೇಳಲಿಕ್ಕೆ ಬರುತ್ತಿದ್ದಾನೆಂದು ಶಿವಕಾಂತಾಳಿಗೆ ಗೊತ್ತಾಯಿತು. ಹುಡುಗಿಯರು ಅಭ್ಯಾಸಕ್ಕೆ ಚಕ್ಕರ್ ಹೊಡೆದು ಮರುದಿನ ತರುವ ಮುಖವೇ ಅದು.

“ಸರ್, ಟೆಕ್ನಿಕಲಿ ಕ್ಯಾಚ್ ಮ್ಯಾಲ ಓಡಬಹುದ್ರಿ,” ಎಂದ. “ಆದ್ರ ಕ್ಯಾಚ್ ಪೂರ್ತಿ ಆಗಬೇಕು. ಚೆಂಡು ಕೈಯಾಗ ಗಟ್ಟಿ ಕೂಡಬೇಕು. ಈ ಹುಡುಗಿ ಅದಕ್ಕಿಂತ ಮೊದಲ ಬಿಟ್ಟಾಳ. ನಮ್ಮ ತರಬೇತ್ಯಾಗ ಇದನ್ನ ಅರ್ಧ ದಿನ ಹೇಳ್ಯಾರ.”

“ಏನ್ ಹೇಳ್ಯಾರ್ರಿ?” ಶಿವಕಾಂತಾ ಕೇಳಿದಳು. “ನನಗ ವಿಜಯಪುರದಾಗ ಬ್ಯಾರೇನೇ ಹೇಳ್ಯಾರ. ಮೊದಲ ಸಲ ತಾಗಿದ್ರ ಸಾಕು ಅಂತ.”

“ಅಲ್ಲಿ ಯಾರು ಹೇಳ್ಯಾರೋ ಏನೋ ಮೇಡಂ. ನಾ ಅಂತೂ ಸರ್ಟಿಫಿಕೇಟ್ ಇಟ್ಟೇನಿ.”

ನಿಯಮದ ಪುಸ್ತಕ ಇರಲಿಲ್ಲವೆಂದಲ್ಲ. ಮಾಳಿಂಗಪ್ಪನ ಮೇಜಿನ ಮೇಲೆ, ಹಾಳೆಗಳು ಗಾಳಿಗೆ ಹಾರದಂತೆ ಅದನ್ನೇ ಇಟ್ಟಿದ್ದರು. ಇಂಗ್ಲಿಷಿನಲ್ಲಿತ್ತು, ಇನ್ನೂರು ಪುಟದ ಮೇಲಿತ್ತು. ಶಾಂತಲಿಂಗಪ್ಪನವರು ಅದನ್ನು ಕೈಗೆತ್ತಿಕೊಂಡರು, ಮೊದಲ ಪುಟದಲ್ಲಿದ್ದ ಮೈದಾನದ ಚಿತ್ರವನ್ನು ಒಂದು ನಿಮಿಷ ನೋಡಿದರು, ತಲೆಯಾಡಿಸಿದರು, ಮತ್ತೆ ಹಾಳೆಗಳ ಮೇಲಿಟ್ಟರು. ಓದಿ ನೋಡಿದ ಮನುಷ್ಯನ ಗತ್ತು ಮುಖದ ಮೇಲೆ ಬಂದಿತ್ತು.

“ಅಮರನಾಥ ಸರ್ ಹೇಳೋದು ಬರೋಬರ್ ಅದ. ರನ್ ಇಲ್ಲ. ಹುಡುಗಿ ಚೀಲಕ್ಕ ವಾಪಸ್ ಹೋಗ್ಲಿ.”

ತಾವು ಹೇಳಿದ ನಿಯಮದ ಪ್ರಕಾರವೇ ನಡೆದರೆ ಅವಳು ವಾಪಸಾಗುವಂತಿರಲಿಲ್ಲ, ಔಟಾಗಬೇಕಿತ್ತು. ಅಷ್ಟು ದೂರ ಅವರ ತಲೆ ಹೋಗಲಿಲ್ಲ. ಅಮರನಾಥನಿಗೆ ಹೊಳೆದಿರಬೇಕು. ಆದರೆ ಸುಳ್ಳು ಹೇಳಿ ಬಚಾವಾದವನು ಇನ್ನೂ ಒಂದಕ್ಕೆ ಕೈಚಾಚಲು ಅಂಜಿದ.

ಸಂಘಮಿತ್ರಾ ಟ್ಯೂಬಿನ ಮೇಲೆಯೇ ನಿಂತಿದ್ದಳು. ಅಲ್ಲಿಂದ ಕದಲಿದರೆ ರನ್ ಹೋಗುತ್ತದೆ ಎಂಬಂತೆ ಎರಡೂ ಕಾಲು ಅದರೊಳಗೇ ಇಟ್ಟುಕೊಂಡಿದ್ದಳು. ಅವಳ ಕಣ್ಣು ಮೇಡಂ ಮೇಲಿತ್ತು. ಮೇಡಂ ಕೂಗಾಡಬಹುದು, ತಂಡ ಕರೆದುಕೊಂಡು ಹೊರಗೆ ಹೋಗಬಹುದು ಎಂದು ಎಲ್ಲ ಹುಡುಗಿಯರೂ ಕಾಯುತ್ತಿದ್ದರು. ಹಾಗೆ ಹೊರಗೆ ಹೋದ ತಂಡಗಳನ್ನು ಶಿವಕಾಂತಾ ಬಹಳ ನೋಡಿದ್ದಳು. ಅವು ಹೊರಗೇ ಉಳಿದಿದ್ದವು.

ಅವಳು ಶಾಂತಲಿಂಗಪ್ಪನವರ ಮುಂದೆ ಕೈಕಟ್ಟಿ ನಿಂತಳು. “ಆತು ಸರ್. ನಿಮ್ಮ ಫೈಸಲಾ ನಾ ಒಪ್ಪಿದೆ. ಆದ್ರ ಇದು ಇಬ್ಬರಿಗೂ ಲಾಗೂ ಆಗಬೇಕಲ್ರಿ. ಮಾಳಿಂಗಪ್ಪನ ಕೈಲಿ ಒಂದು ಸಾಲು ಬರೆಸ್ರಿ. ನಾಳಿ ನಮ್ಮ ಪ್ರಿನ್ಸಿಪಾಲರು ಕೇಳಿದ್ರ ತೋರಿಸ್ಲಿಕ್ಕಿ ಬೇಕು.”

ಬರೆಸಿರಿ ಎಂದರೆ ಶಾಂತಲಿಂಗಪ್ಪನವರಿಗೆ ಖುಷಿ. ಅವರು ಟೊಪ್ಪಿಗೆ ಸರಿಪಡಿಸಿಕೊಂಡು, ಗ್ರಂಥಭಾಷೆಗೆ ಏರಿ, ನಿಧಾನವಾಗಿ ಬರೆಸಿದರು: “ಚೆಂಡು ಹಿಡಿಯುವವರ ಕೈಯಲ್ಲಿ ಭದ್ರವಾಗಿ ನೆಲೆಗೊಳ್ಳುವ ತನಕ ಓಟಗಾರ್ತಿಯು ಚೀಲವನ್ನು ಬಿಡತಕ್ಕದ್ದಲ್ಲ.” ಕೆಳಗೆ ಸಹಿ ಹಾಕಿದರು. ಶಿವಕಾಂತಾ ಅಮರನಾಥನ ಕಡೆ ತಿರುಗಿ, “ನೀವೂ ಒಂದು ಸಹಿ ಹಾಕ್ರಿ ಸರ್, ತರಬೇತಿ ಆದವರು,” ಎಂದಳು. ಅವನೂ ಹಾಕಿದ. ಹೊಗಳಿಕೆ ಎಂದುಕೊಂಡನೋ ಏನೋ, ಹೆಸರಿನ ಕೆಳಗೆ ಗೆರೆ ಬೇರೆ ಎಳೆದ.

ಮುಂದಿನ ಹುಡುಗಿ ಮೂರು ಚೆಂಡೂ ತಪ್ಪಿಸಿ ಔಟಾದಳು. ಜೇವರ್ಗಿಯ ಸರದಿ ಮುಗಿಯಿತು. ನಾಲ್ಕಕ್ಕೆ ನಾಲ್ಕು. ಇನ್ನು ಅಫಜಲಪುರದವರು ಒಂದು ರನ್ ಹೊಡೆದರೆ ಪಂದ್ಯ ಅವರದು.

ಹುಡುಗಿಯರು ಗ್ಲೌಸು ಹಾಕಿಕೊಳ್ಳುವಾಗ ಶಿವಕಾಂತಾ ಸಂಘಮಿತ್ರಾ ಮತ್ತು ಮೈತ್ರಿಯನ್ನು ಹತ್ತಿರ ಕರೆದಳು. ಸಂಘಮಿತ್ರಾಳ ಕಣ್ಣು ಕೆಂಪಾಗಿದ್ದವು.

“ಮೇಡಂ, ನಾ ಖರೇನೇ ತಾಗಿದ ಮ್ಯಾಲೇ ಬಿಟ್ಟೇನ್ರಿ.”

“ನನಗ ಗೊತ್ತದ. ಆ ಅಮರನಾಥಗೂ ಗೊತ್ತದ. ಗೊತ್ತಿಲ್ಲದಾವ ಒಬ್ಬನೇ, ಅವ ಟೊಪಗಿ ಹಾಕ್ಯಾನ.” ಆಮೇಲೆ ಮೈತ್ರಿಯ ಕಡೆ ತಿರುಗಿದಳು. “ಬೇ ಮೈತ್ರಿ, ನೀ ಹಾಸ್ಟೆಲ್‌ದಾಗ ಗಜಗ ಆಡ್ತಿಯಂತಲ್ಲ, ಐದೂ ಮ್ಯಾಲ ಹಾರಿಸಿ ಮುಂಗೈ ಮ್ಯಾಲ ಹಿಡೀತಿಯಂತ?”

ಮೈತ್ರಿ ಬೈಗುಳ ಬರುತ್ತದೆಂದು ತಲೆ ತಗ್ಗಿಸಿದಳು. “ಓದಿದ ಮ್ಯಾಲೇ ಆಡ್ತೀವ್ರಿ ಮೇಡಂ.”

“ಓದೋದು ಬಿಡು. ಚೆಂಡು ಎಷ್ಟೊತ್ತು ಕುಣಿಸ್ತಿ, ನೆಲಕ್ಕ ಬೀಳದಂಗ?”

“ಯಾರರ ಸಾಕು ಅನ್ನೋತನ.”

ಶಿವಕಾಂತಾ ಧ್ವನಿ ತಗ್ಗಿಸಿ ಹೇಳಿದಳು. ಮೈತ್ರಿ ಎಡಗಡೆಯ ದೂರದ ಜಾಗಕ್ಕೆ ಹೋಗಬೇಕು. ಅಫಜಲಪುರದ ಹುಡುಗಿ ಮೂರನೆಯ ಚೀಲದ ಮೇಲಿರುವಾಗ ಚೆಂಡು ಮೇಲಕ್ಕೆ ಬಂದರೆ ಹಿಡಿಯಬಾರದು, ಬಿಡಲೂಬಾರದು. ಅಂಗೈಯಿಂದ ಗ್ಲೌಸಿಗೆ, ಗ್ಲೌಸಿನಿಂದ ಅಂಗೈಗೆ ಪುಟಿಸುತ್ತ ಮೂರನೆಯ ಚೀಲದ ತನಕ ನಡೆದು ಬರಬೇಕು. “ಭದ್ರವಾಗಿ ನೆಲೆಗೊಳ್ಳುವ ತನಕ ಬಿಡತಕ್ಕದ್ದಲ್ಲ ಅಂತ ಬರಸ್ಯಾರಲ್ಲ. ನೀ ನೆಲೆಗೊಳಿಸಬ್ಯಾಡ. ನಿಲ್ಲಲಿ ಆಕಿ ಅಲ್ಲೇ.”

“ಬಿದ್ರ?” ಎಂದಳು ಸಂಘಮಿತ್ರಾ.

“ಬಿದ್ರ ಸೋತ್ವಿ,” ಎಂದಳು ಶಿವಕಾಂತಾ. ಸುಳ್ಳು ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. “ಆದ್ರ ನೋಡು, ಬರೋಬರ್ ಹಿಡದ್ರೂ ಅಲ್ಲಿಂದ ಎಸಿಲಿಕ್ಕಿ ಮೈತ್ರಿ ಭುಜದಾಗ ಜೋರಿಲ್ಲ. ಇಕಿ ಹಿಡೀತಾಳ, ಅವರಾಕಿ ಓಡ್ತಾಳ, ಆಗೂ ಸೋತ್ವಿ. ಹಿಂಗ ಮಾಡಿದ್ರ ಒಂದು ದಾರಿ ಅದ. ಬ್ಯಾಡ ಅಂದ್ರ ಈಗ ಹೇಳು. ಇದ್ರಾಗ ಹೋಗೋದು ನಿಂದು, ನಂದಲ್ಲ.”

ಸಂಘಮಿತ್ರಾ ಚೆಂಡನ್ನು ಅಂಗೈಯಲ್ಲಿ ಎರಡು ಸಲ ತಿರುಗಿಸಿದಳು. “ಕೆಳಗ ಎಸದ್ರ ಅವರು ಎತ್ತಿ ಹೊಡೀತಾರ್ರಿ. ನಾ ಮೊಣಕಾಲಿಗಿ ಎಸಿತೇನಿ,” ಎಂದಳು.

ಅಫಜಲಪುರದ ಮೊದಲನೆಯವಳು ಭಾಗ್ಯವಂತಿ. ಮಣ್ಣೂರಿನವಳು, ಗಟ್ಟಿಮುಟ್ಟು ಹುಡುಗಿ, ಅವಳ ಕಾಲು ಅವರ ತಂಡದಲ್ಲೇ ಜೋರು. ಒಂದೇ ಹೊಡೆತಕ್ಕೆ ಎರಡನೆಯ ಚೀಲ ಮುಟ್ಟಿದಳು. ಮುಂದಿನವಳು ನೆಲಕ್ಕೆ ಹೊಡೆದು ತಾನು ಔಟಾಗಿ ಭಾಗ್ಯವಂತಿಯನ್ನು ಮೂರಕ್ಕೆ ಕಳಿಸಿದಳು. ಒಂದು ಔಟು, ಮೂರನೆಯ ಚೀಲದ ಮೇಲೆ ಓಟಗಾರ್ತಿ. ಅಮರನಾಥ ಆ ಚೀಲದ ಪಕ್ಕಕ್ಕೆ ಬಂದು ನಿಂತು ಅವಳ ಕಿವಿಗೆ ಗಟ್ಟಿಯಾಗಿಯೇ ಹೇಳಿದ, “ಭದ್ರ ಹಿಡಿಯೋತನ ಬಿಡಬ್ಯಾಡ. ನಾವೇ ಸಹಿ ಮಾಡೇವಿ.”

ಸಂಘಮಿತ್ರಾ ಮೊಣಕಾಲಿಗೆ ಎಸೆದಳು. ಮೊದಲನೆಯದು ತಪ್ಪಿತು. ಎರಡನೆಯದು ಬ್ಯಾಟಿನ ಕೆಳಗಿನಿಂದ ಎದ್ದು ಎಡಗಡೆಗೆ ಹೋಯಿತು, ಬಹಳ ಎತ್ತರವಲ್ಲ, ಬಹಳ ದೂರವೂ ಅಲ್ಲ. ಮೈತ್ರಿ ಓಡಿ ಬಂದಳು. ಚೆಂಡು ಗ್ಲೌಸಿಗೆ ತಾಗಿತು, ಮೊಳದಷ್ಟು ಮೇಲಕ್ಕೆದ್ದಿತು.

ಮೈದಾನದ ತುಂಬ ಅಯ್ಯೋ ಎಂಬ ಸದ್ದು. ಕೈಬಿಟ್ಟಳು ಎಂದೇ ಎಲ್ಲರೂ ತಿಳಿದರು. ಮೈತ್ರಿ ಬರಿಗೈಯ ಅಂಗೈಯಿಂದ ಅದನ್ನು ಮೇಲಕ್ಕೆ ತಟ್ಟಿದಳು. ಒಂದು ಹೆಜ್ಜೆ ಮುಂದೆ ಬಂದು ಗ್ಲೌಸಿನಿಂದ ತಟ್ಟಿದಳು. ಮತ್ತೆ ಅಂಗೈ. ಮತ್ತೆ ಹೆಜ್ಜೆ. ಕಣ್ಣು ಚೆಂಡಿನ ಮೇಲೆ, ಕಾಲು ತಮ್ಮಷ್ಟಕ್ಕೆ ದಾರಿ ಹುಡುಕಿಕೊಳ್ಳುತ್ತಿದ್ದವು. ಕೆಂಪು ಹೊಲಿಗೆಯ ಆ ಬಿಳಿ ಚೆಂಡು ಅವಳ ಮೂಗಿನ ಮುಂದೆ ಏರುತ್ತ ಇಳಿಯುತ್ತ ಮೈದಾನದೊಳಗೆ ನಡೆದು ಬರತೊಡಗಿತು.

ಮರದ ಕೆಳಗಿದ್ದ ಆಳಂದದ ಹುಡುಗಿಯರು ಎದ್ದು ನಿಂತು ಎಣಿಸಲು ಶುರುಮಾಡಿದರು. “ಏಳು, ಎಂಟು, ಒಂಬತ್ತು.” ಹನ್ನೊಂದಕ್ಕೆ ಚೆಂಡು ಬೆರಳ ತುದಿಗೆ ಬಡಿದು ಪಕ್ಕಕ್ಕೆ ಸಿಡಿಯಿತು. ಸಂಘಮಿತ್ರಾ ಕಣ್ಣು ಮುಚ್ಚಿಕೊಂಡಳು. ಮೈತ್ರಿ ಮೊಣಕಾಲೂರಿ ನೆಲದಿಂದ ಗೇಣು ಮೇಲೆ ಅದನ್ನು ಗ್ಲೌಸಿನ ತುದಿಯಿಂದ ಎತ್ತಿದಳು, ಎದ್ದಳು, ಮತ್ತೆ ನಡೆದಳು.

ಭಾಗ್ಯವಂತಿ ಚೀಲದ ಮೇಲೆ ಒಂದು ಕಾಲಿಟ್ಟು, ಇನ್ನೊಂದು ಕಾಲು ಮುಂದಿಟ್ಟು, ಬಿಲ್ಲಿನಂತೆ ಬಗ್ಗಿ ನಿಂತಿದ್ದಳು. ಅವಳ ಮುಂದೆ ದಾರಿ ಖಾಲಿ. ಓಡಿದರೆ ಮುಟ್ಟುತ್ತಾಳೆ. ಅಮರನಾಥನ ಮುಖ ಮೊದಲು ಕೆಂಪಾಯಿತು, ಆಮೇಲೆ ಬೇರೆ ಏನೋ ಬಣ್ಣವಾಯಿತು.

“ಓಡು ಬೇ,” ಎಂದ.

“ಸರ್, ಚೆಂಡು ಇನ್ನಾ ಗಟ್ಟಿ ಕೂತಿಲ್ರಿ.”

“ಓಡು ಅಂದ್ರ ಓಡು.”

“ನೀವೇ ನಿಲ್ಲಂದೀರಿ. ಔಟ್ ಆದ್ರ ನನ್ನೇ ಬೈತೀರಿ,” ಎಂದಳು ಭಾಗ್ಯವಂತಿ. ಕಾಲು ತೆಗೆಯಲಿಲ್ಲ.

ಮೈತ್ರಿ ಚೀಲದ ಹತ್ತಿರ ಬಂದಳು. ಭಾಗ್ಯವಂತಿಯ ಎದುರಿಗೆ ನಿಂತು ಕೊನೆಯದೊಂದು ಸಲ ಚೆಂಡನ್ನು ಹಾರಿಸಿ ಗ್ಲೌಸಿನಲ್ಲಿ ಹಿಡಿದು ಮುಚ್ಚಿದಳು. ಬ್ಯಾಟು ಬೀಸಿದವಳು ಔಟು. ಭಾಗ್ಯವಂತಿ ಇದ್ದಲ್ಲೇ ಇದ್ದಳು. ರನ್ ಇಲ್ಲ.

ಅಮರನಾಥ ದಾಪುಗಾಲು ಹಾಕುತ್ತ ಅಂಪೈರ್ ಮೇಲೆ ಹೋದ. “ಸರ್, ಇದು ಚೀಟಿಂಗ್ ಅದ. ಹಿಂಗ ಕುಣಿಸಿಕೋತ ಬಂದ್ರ ಓಡಾಕಿ ಯಾವಾಗ ಓಡಬೇಕು? ಅದಕ್ಕೇ ರೂಲ್ ಮಾಡ್ಯಾರ. ಮೊದಲ ಸಲ ತಾಗಿದ್ರ ಸಾಕು, ಅಲ್ಲಿಂದ ಓಡಬಹುದು. ತರಬೇತ್ಯಾಗ ಇದನ್ನೇ ಅರ್ಧ ದಿನ ಹೇಳ್ಯಾರ. ಹಿಂಗ ಯಾರೂ ಮೋಸ ಮಾಡಬಾರದು ಅಂತೇ ಆ ರೂಲ್ ಅದ.”

ಹೇಳಿ ಮುಗಿಸಿದ ಮೇಲೆ ತನ್ನ ಮಾತು ತನಗೇ ಕೇಳಿಸಿತೇನೋ, ಟೀಶರ್ಟಿನ ಅಂಚನ್ನು ಮತ್ತೆ ಕೆಳಗೆ ಎಳೆದುಕೊಂಡ.

ಶಿವಕಾಂತಾ ಹತ್ತಿರ ಬಂದಿದ್ದಳು. ಅವಳಿಗೆ ಗೆದ್ದ ಖುಷಿಗಿಂತ ಹೇಸಿಗೆಯೇ ಹೆಚ್ಚಾಗಿತ್ತು. ಮೂರು ದಿನ ಸರಕಾರದ ಅನ್ನ ಉಂಡು ಕಲಿತದ್ದನ್ನು ಹುಡುಗಿಯೊಬ್ಬಳ ಓದು ಮುರಿಯಲು ನುಂಗಿಕೊಂಡವನು, ತನ್ನ ಕಾಲಬುಡಕ್ಕೆ ಬಂದಾಗ ಒಂದು ಅಕ್ಷರ ಬಿಡದೆ ಕಕ್ಕಿದ್ದ.

“ಮಾಳಿಂಗಪ್ಪ, ಸರ್ ಹೇಳಿದ್ದು ಬರ್ಕೋಪ್ಪಾ,” ಎಂದಳು. “ಮೊದಲ ಸಲ ತಾಗಿದ್ರ ಸಾಕು. ಅಲ್ಲಿಂದ ಓಡಬಹುದು.”

ಮಾಳಿಂಗಪ್ಪ ಬರೆದುಕೊಂಡ. ಬೆಳಗಿನಿಂದ ಅವನು ನಕ್ಕದ್ದು ಅದೇ ಮೊದಲು.

ಶಾಂತಲಿಂಗಪ್ಪನವರು ಇಬ್ಬರ ಮುಖವನ್ನೂ ನೋಡಿದರು. ತಮಗೆ ತಿಳಿಯದ ವಿಷಯದಲ್ಲಿ ಅವರು ಸದಾ ಹಿಡಿಯುತ್ತಿದ್ದ ದಾರಿ ಒಂದಿತ್ತು, ಅದನ್ನೇ ಹಿಡಿದರು. “ಹಂಗಾದ್ರ ಹಿಂಗ ಮಾಡೋಣ. ಇಬ್ಬರಿಗೂ ಒಂದೊಂದು ರನ್ ಕೊಟ್ಟುಬಿಡ್ತೇನಿ. ಐದು ಐದು. ಯಾರಿಗೂ ಬ್ಯಾಸರ ಆಗೋದು ಬ್ಯಾಡ.”

“ಇದೇನು ಮದುವಿ ಮನೀ ಸರ್, ಎಲ್ಲರಿಗೂ ಒಂದೊಂದು ಹೋಳಿಗಿ ಬಡಸ್ಲಿಕ್ಕಿ?” ಎಂದಳು ಶಿವಕಾಂತಾ. “ನಮ್ಮ ಹುಡುಗಿ ಓಡಿ ಮುಟ್ಟ್ಯಾಳ. ಅವರ ಹುಡುಗಿ ಓಡೇ ಇಲ್ಲ. ಓಡದಾಕಿಗಿ ರನ್ ಕೊಟ್ರ ನಾಳಿ ಮನ್ಯಾಗ ಮಲಗಿದವರಿಗೂ ಕೊಡಬೇಕಾಗ್ತದ.”

“ನಾವ ಓಡಬ್ಯಾಡ ಅಂತ ಬರಸೇವಿ, ಅದಕ್ಕೇ ಓಡಿಲ್ಲ,” ಎಂದ ಅಮರನಾಥ. ದನಿ ಸಣ್ಣದಾಗಿತ್ತು.

“ಬರಸಿದ್ದು ಯಾರ ಮಾತು? ನಿಮ್ಮದೇ. ನಿಮ್ಮ ಹುಡುಗಿ ನಿಮ್ಮ ಮಾತು ನಂಬಿ ನಿಂತಾಳ. ಆಕಿ ತಪ್ಪೇನಿಲ್ಲ. ಬೇಕಂದ್ರ ಇಬ್ಬರೂ ಕೂಡಿ ಜಿಲ್ಲಾ ಆಫೀಸಿಗಿ ಹೋಗೋಣ. ಈ ಕಾಗದ ಒಯ್ಯೋಣ. ಮ್ಯಾಲ ಒಂದು ರೂಲ್, ನಿಮ್ಮ ಸಹಿ. ಕೆಳಗ ಅದರ ಉಲ್ಟಾ ರೂಲ್, ಅದೂ ನಿಮ್ಮ ಬಾಯಿಂದೇ. ತರಬೇತಿ ಕೊಟ್ಟವರನ್ನೂ ಕರಸೋಣ.”

ಅಮರನಾಥ ಕಾಗದ ನೋಡಿದ. ತಾನು ಹೆಸರಿನ ಕೆಳಗೆ ಎಳೆದ ಗೆರೆ ದೂರದಿಂದಲೂ ಕಾಣುತ್ತಿತ್ತು. “ಆಡಸ್ರಿ ಸರ್ ಮುಂದ,” ಎಂದು ಹಿಂದೆ ಸರಿದ.

ಶಾಂತಲಿಂಗಪ್ಪನವರು ತಾವೇ ಆಲೋಚಿಸಿ ಕಂಡುಕೊಂಡವರ ಹಾಗೆ ಘೋಷಿಸಿದರು: ಜೇವರ್ಗಿ ಐದು, ಅಫಜಲಪುರ ನಾಲ್ಕು, ಎರಡು ಔಟು, ಆಟ ಮುಂದುವರಿಯಲಿ.

ಭಾಗ್ಯವಂತಿ ಇನ್ನೂ ಚೀಲದ ಮೇಲೆಯೇ ಇದ್ದಳು. ಎರಡು ಔಟಾದ ಮೇಲೆ ಕಾಯುವ ಮಾತಿಲ್ಲ. ಹೊಡೆದ ಕೂಡಲೇ ಓಡಬೇಕು, ಹಿಡಿದರೆ ಅಲ್ಲಿಗೇ ಸರದಿ ಮುಗಿಯುತ್ತದೆ. ಸಂಘಮಿತ್ರಾ ಈ ಸಲ ಮೊಣಕಾಲಿಗೆ ಎಸೆಯಲಿಲ್ಲ. ಎದೆಯ ಮಟ್ಟಕ್ಕೆ ಬಿರುಸಾಗಿ ಎಸೆದಳು. ಮೊದಲ ಎರಡು ತಪ್ಪಿದವು. ಮೂರನೆಯದು ಬ್ಯಾಟಿನ ಅಂಚಿಗೆ ತಾಗಿ ನೆಲಕ್ಕುರುಳಿ ಅವಳ ಕಾಲ ಬಳಿಗೇ ಬಂತು. ಬಗ್ಗಿ ಎತ್ತಿಕೊಂಡಳು. ಭಾಗ್ಯವಂತಿ ಆಗಲೇ ಟ್ಯೂಬಿನ ಹತ್ತಿರವಿದ್ದಳು, ಸಂಘಮಿತ್ರಾ ಆ ಕಡೆ ನೋಡಲೂ ಇಲ್ಲ. ಹೊಡೆದವಳು ಮೊದಲನೆಯ ಚೀಲ ಮುಟ್ಟುವ ಮುಂಚೆ ಔಟಾದರೆ ಆ ರನ್ ಲೆಕ್ಕಕ್ಕೇ ಬರುವುದಿಲ್ಲ. ಮೊದಲನೆಯ ಚೀಲಕ್ಕೆ ಎಸೆದಳು. ಅಲ್ಲಿದ್ದವಳು ಹಿಡಿದಳು, ಗಟ್ಟಿಯಾಗಿ, ಎರಡೂ ಕೈಯಿಂದ. ಹೊಡೆದವಳು ಇನ್ನೂ ನಾಲ್ಕು ಹೆಜ್ಜೆ ಹಿಂದಿದ್ದಳು. ಮೂರನೆಯ ಔಟು, ಪಂದ್ಯ ಜೇವರ್ಗಿಯದು.

ಹುಡುಗಿಯರು ಮೈತ್ರಿಯನ್ನು ಎತ್ತಿಕೊಂಡು ಕುಣಿಯುತ್ತಿರುವಾಗ ಶಿವಕಾಂತಾ ಮಾಳಿಂಗಪ್ಪನ ಮೇಜಿಗೆ ಹೋಗಿ ನಿಂತಳು. ಮೈದಾನದಲ್ಲಿ ಗೆದ್ದದ್ದು ಊಟದ ಹೊತ್ತಿನಲ್ಲಿ ಸೋತದ್ದನ್ನು ಅವಳು ಒಂದೆರಡು ಸಲ ಕಂಡಿದ್ದಳು.

“ಊಟ ಆಗ್ಲಿ ಮೇಡಂ, ಆಮ್ಯಾಲ ಸಹಿ ಮಾಡ್ತೇನಿ,” ಎಂದರು ಶಾಂತಲಿಂಗಪ್ಪನವರು.

“ಮಾಡೇ ಹೋಗ್ರಿ ಸರ್. ನಾ ಇಲ್ಲೇ ನಿಂತೇನಿ.”

ಅವರು ಸಹಿ ಮಾಡಿದರು. ಆಡಿದ ಹನ್ನೆರಡು ಹುಡುಗಿಯರ ಹೆಸರನ್ನು ಶಿವಕಾಂತಾ ಬೆರಳಿಟ್ಟು ಓದಿ ನೋಡಿದಳು. ಸಂಘಮಿತ್ರಾಳ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಲ್ಲ ಸರಿಯಿದ್ದವು. ತನ್ನ ಮೊಬೈಲಿನಲ್ಲಿ ಎರಡು ಸಲ ಫೋಟೋ ತೆಗೆದುಕೊಂಡಳು.

ಭಾಗ್ಯವಂತಿ ಒಬ್ಬಳೇ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಬಹಳ ಹೊತ್ತಿನಿಂದ ತೊಳೆಯುತ್ತಿದ್ದಳು. ಶಿವಕಾಂತಾ ಹೋಗಿ ತನ್ನ ಟವಲು ಕೊಟ್ಟಳು.

“ನೀ ಚೊಲೋ ಓಡ್ತಿ ಅವ್ವಾ. ಸೋತದ್ದು ನೀ ಅಲ್ಲ.”

“ಸರ್ ನನ್ನೇ ಬೈಯಾಕತ್ತಾರ್ರಿ, ಓಡು ಅಂದಾಗ ಓಡಲಿಲ್ಲ ಅಂತ.”

“ಬೈಲಿ. ಅವರಿಗಿ ಬ್ಯಾರೆ ಏನ್ ಬರ್ತದ? ನೀ ಇನ್ನಾ ಮೊದಲ ವರ್ಷ ಅಲ್ಲ? ಇನ್ನೊಂದು ವರ್ಷ ಅದ. ಓಡೋ ಹೊತ್ತಿನಾಗ ಚೆಂಡು ನೋಡು. ಸರ್ ಮುಖ ನೋಡಬ್ಯಾಡ.”

ಭಾಗ್ಯವಂತಿ ಟವಲಿನೊಳಗಿನಿಂದಲೇ ಹೂಂ ಎಂದಳು.

ಅತ್ತ ಕಟ್ಟೆಯ ಮೇಲೆ ಸಂಘಮಿತ್ರಾ ಅಪ್ಪನಿಗೆ ಫೋನು ಹಚ್ಚಿದ್ದಳು. ಜಗದೇವ ಎಲ್ಲೋ ಗೋಡೆಯ ಮೇಲಿದ್ದ, ಕರಣೆಯ ಸದ್ದು ಇತ್ತ ಕೇಳುತ್ತಿತ್ತು. ಮಗಳು ಹೇಳಿದ್ದನ್ನೆಲ್ಲ ಕೇಳಿ ಮೇಡಂ ಕೈಗೆ ಕೊಡು ಎಂದ.

“ಮೇಡಂರಿ, ಖರೇನೇ ಹಾಸ್ಟೆಲ್ ಸಿಗ್ತದ ಅಲ್ರಿ?”

“ರಾಜ್ಯಮಟ್ಟಕ್ಕ ಆಡಿದವರಿಗಿ ಕೊಡ್ತಾರ. ಇಕಿ ಆಡ್ತಾಳ. ಕಾಗದ ನನ್ನ ಹತ್ರ ಅದ.”

ಆ ಕಡೆ ಕರಣೆ ಕೆಳಗಿಟ್ಟ ಸದ್ದಾಯಿತು. “ಗಾದಿ ಅವರೇ ಕೊಡ್ತಾರೇನ್ರಿ, ನಾವೇ ಒಯ್ಯಬೇಕೇನ್ರಿ?” ಎಂದು ಜಗದೇವ ಕೇಳಿದ.

“ಅವರೇ ಕೊಡ್ತಾರ. ಚಾದರ್ ಮಾತ್ರ ನಾವು ಒಯ್ಯಬೇಕು.”

“ಆತ್ರಿ. ಎರಡು ತರ್ತೇನಿ,” ಎಂದ ಅವನು.